ಕಾಕಿಯ ಕೈ ನಿಂತರೆ

ಬೆಸುಗೆಯ ರಾಳದ ಹೊಗೆ ಮತ್ತು ಸೀದ ಜೋಳದ ರೊಟ್ಟಿ... ಈ ಎರಡು ವಾಸನೆ ಒಟ್ಟಿಗೆ ಬಂದರೆ ನನಗೆ ಆ ಭಾನುವಾರ ನೆನಪಾಗುತ್ತದೆ. ನಿನ್ನೆ ಮತ್ತೆ ಬಂತು. ಕಾಕಾ ಡಬ್ಬಿಗೆ ಬೆಸುಗೆ ಹಾಕುತ್ತಿದ್ದ. ಮನೆಯಿಂದ ತಂದಿದ್ದ ರೊಟ್ಟಿಯನ್ನು ನಾನು ಅವರ ಒಲೆಯ ಮೇಲೆ ಬಿಸಿಗಿಟ್ಟು ಮರೆತಿದ್ದೆ.

ಶಹಾಪುರದಲ್ಲಿ ಅವರದು ನಮ್ಮ ಬಾಜೂ ಮನೆ. ರಕ್ತಸಂಬಂಧವೇನಿಲ್ಲ. ಅವರ ಅಂಗಳದಲ್ಲಿ ಆಡಿ ಬೆಳೆದಿದ್ದಕ್ಕೆ ಅವರು ನನಗೆ ಕಾಕಾ, ಕಾಕಿ. ಮುಂದಿನ ಖೋಲಿಯೇ ಕಾಕಾನ ರೇಡಿಯೊ ರಿಪೇರಿ ಅಂಗಡಿ. ಗೋಡೆಯ ಆಚೆ ಕಾಕಿಯ ಅಡುಗೆಮನೆ. ನಾನು ಹತ್ತಿರದ ಗೋಗಿಯ ಶಾಲೆಯಲ್ಲಿ ಮಾಸ್ತರ. ಭಾನುವಾರ ಬಂತೆಂದರೆ ಆ ಖೋಲಿಯಲ್ಲೇ ಇರುತ್ತಿದ್ದೆ.

ಹೋದ ವರ್ಷ ನಾನು ಮೊಬೈಲಿನಲ್ಲಿ ನೋಡಿ ಒಂದು ಸಸ್ತಾ ವಾಲ್ವ್ ಡಬ್ಬಿ ತರಿಸಿದೆ. ಅಂಗೈಯಗಲದ್ದು, ಮೇಲೆ ಹಳೇ ರೇಡಿಯೊದಲ್ಲಿರುವಂಥ, ಬೆರಳಿನಷ್ಟು ಎರಡು ಗಾಜಿನ ವಾಲ್ವ್. ಮೊಬೈಲಿಗೂ ಆಂಪ್ಲಿಫೈಯರಿಗೂ ನಡುವೆ ಕೂರುವ ಡಬ್ಬಿ ಅದು. ಸದ್ದನ್ನು ದೊಡ್ಡದು ಮಾಡುವುದಿಲ್ಲ, ಅದರ ಒರಟುತನ ಕಳೆದು ಮುಂದಕ್ಕೆ ಬಿಡುತ್ತದೆ. ಕಾಕಾ ಅದನ್ನು ತಿರುವಿ ನೋಡಿ, ತಳದ ತಿರುಪು ಬಿಚ್ಚಿ, ನಗಲಿಕ್ಕೆ ಶುರು ಮಾಡಿದ. ವಾಲ್ವಿನ ಬುಡದಲ್ಲಿ ಸಣ್ಣ ಕೆಂಪು ದೀಪ ಇಟ್ಟಿದ್ದರು.

"ವಾಲ್ವ್ ಕಾಯ್ದು ತಾನ ಬೆಳಗಬೇಕೋ ಮಾರಾಯ. ಇವ್ರು ಕೆಳಗ ದೀಪ ಹಚ್ಚಿ ಬೆಳಗ್ಸಾಕತ್ತಾರ."

ಕಾಕಾ ದೀಪ ಕೀಳಲು ಹೊರಟಾಗ, ಚಹಾ ತಂದ ಕಾಕಿ ತಡೆದಳು. "ಇರ್ಲಿ ಬಿಡ್ರಿ. ಛಂದ ಕಾಣತದ. ನೀವೂ ಮದುವಿಯೊಳಗ ಮಾರಿಗಿ ಪೌಡರ್ ಹಚ್ಚಿಕೊಂಡು ಬಂದಿದ್ರಿ, ನಾ ಏನರ ಅಂದೆನೇನು?"

ದೀಪ ಉಳಿಯಿತು. ಉಳಿದದ್ದೆಲ್ಲ ಬದಲಾಗಬೇಕು ಎಂದ ಕಾಕಾ. ಒಳಗೆ ಸದ್ದು ಹಾದುಹೋಗುವ ಕಂಡೆನ್ಸರುಗಳು ಕಳಪೆ, ವಾಲ್ವ್ ಅದಕ್ಕಿಂತ ಕಳಪೆ. ಭಾನುವಾರಕ್ಕೆ ಒಂದೇ ಬದಲಾವಣೆ, ಎಡ-ಬಲದ ಜೋಡಿ ಸೇರಿ ಒಂದು, ಅದು ಅವನ ನೇಮ. ಎರಡು ಬದಲಾವಣೆ ಒಮ್ಮೆಗೇ ಮಾಡಿದರೆ ಯಾವುದರಿಂದ ಸುಧಾರಿಸಿತು, ಯಾವುದರಿಂದ ಕೆಟ್ಟಿತು ತಿಳಿಯುವುದಿಲ್ಲ. ಹೊಸದನ್ನು ಅದರ ತಂತಿಯ ಉದ್ದ ಕಾಲಿನಲ್ಲೇ ಹಗುರವಾಗಿ ಬೆಸೆದು ಹಾಡು ಹಚ್ಚುತ್ತಿದ್ದ. ಪಾಸಾದರೆ ಮಾತ್ರ ಗಟ್ಟಿಯಾಗಿ ಬೆಸೆದು ಹೆಚ್ಚಾದ ಕಾಲು ಕತ್ತರಿಸುತ್ತಿದ್ದ.

ಪಾಸು ಮಾಡುವವರು ಯಾರು ಎಂಬುದೇ ಗುಟ್ಟಾಗಿತ್ತು. ಕಾಕಾನ ಕಿವಿಗೆ ತೆಳ್ಳನೆಯ ಸದ್ದು ಕೇಳುವುದು ನಿಂತು ಎರಡು-ಮೂರು ವರ್ಷವಾಗಿತ್ತು. ಊರಿಗೆ ತಿಳಿದರೆ ರಿಪೇರಿಗೆ ಯಾರು ಮಾಲು ತರುತ್ತಾರೆ ಎಂಬ ಅಂಜಿಕೆ ಅವನಿಗೆ. ನನಗೆ ಹೇಳಿದ್ದೂ ಪಿಸುಮಾತಿನಲ್ಲಿ.

"ನಿನ್ನ ಕಾಕಿಗಿ ಹೇಳಬ್ಯಾಡ. ಆಕಿ ರೊಟ್ಟಿ ಬಡಿಯೂದು ಕೇಳ್ಕೊಂತ ಕೂಡು. ಸದ್ದು ಛಲೋ ಬಂತಂದ್ರ ಆಕಿ ಕೈ ನಿಲ್ಲತದ."

ಅಂದಿನಿಂದ ನಾನೂ ಗೋಡೆಗೆ ಕಿವಿಗೊಟ್ಟು ಕೂತೆ. ಹಾಡು ಯಾವಾಗಲೂ ಒಂದೇ, ನಮ್ಮ ಓಣಿಯ ಭಜನೆಯವರು ಹಾಡಿದ ತತ್ವಪದ. ನಾನೇ ಮೊಬೈಲಿನಲ್ಲಿ ತುಂಬಿಕೊಂಡಿದ್ದು. ಈ ಕಡೆ ಏಕತಾರಿ, ತಾಳ. ಆ ಕಡೆ ಪಟ್ ಪಟ್ ಪಟ್. ಎಷ್ಟೋ ಭಾನುವಾರ ಆ ಕೈ ನಿಲ್ಲಲೇ ಇಲ್ಲ. ಕಾಕಾ ತುಟಿ ಕಚ್ಚಿ ಕಂಡೆನ್ಸರ್ ಕಿತ್ತು ಹಳೆಯದನ್ನೇ ಹಾಕುತ್ತಿದ್ದ.

ಒಂದು ಸಲ ಭಾರೀ ಬೆಲೆಯ ಕಂಡೆನ್ಸರ್ ತರಿಸಿದ್ದೆವು. ಹಾಡು ಹಚ್ಚಿ ಅರ್ಧ ನಿಮಿಷ ಆಗಿರಲಿಲ್ಲ, ಕೈ ಗಪ್ಪನೆ ನಿಂತಿತು. ಕಾಕಾ ನನ್ನ ತೊಡೆಗೆ ಹೊಡೆದು, ಗಟ್ಟಿಯಾಗಿ ಬೆಸೆದು ಕಾಲು ಕತ್ತರಿಸಿಯೇ ಬಿಟ್ಟ. ಅಷ್ಟರಲ್ಲಿ ಕಾಕಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಬೆಕ್ಕು ಬಂದು ಹಾಲಿಗಿ ಬಾಯಿ ಹಾಕ್ತು, ಹೊಡ್ಯಾಕ ಎದ್ದಿದ್ದೆ. ಅದ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ."

ಕಾಕಾನ ಕೈಯಲ್ಲಿದ್ದ ಇಕ್ಕಳ ಹಾಗೇ ಉಳಿಯಿತು. "ಏನ್ ಲೆಕ್ಕ?" ಎಂದ, ಏನೂ ಅರಿಯದವನ ಹಾಗೆ.

"ಮೊದಲ್ನೇ ದಿನದಿಂದ ಗೊತ್ತದ ನನಗ. ರೇಡಿಯೊ ಹಚ್ಚಿ ಗ್ವಾಡಿ ನೋಡ್ಕೊಂತ ಕೂಡೋ ಗಂಡಸು ನೀವೊಬ್ರೇ. ಈ ಮಾಸ್ತರೂ ಈಗ ನಿಮ್ಮ ಜೋಡಿ ಗ್ವಾಡಿ ನೋಡಾಕತ್ತಾನ."

ಮೂವರೂ ನಕ್ಕ ನಗೆಗೆ ಬೀದಿಯಲ್ಲಿ ಹೋಗುವವರು ಇಣುಕಿ ನೋಡಿದರು. ಆ ಕಂಡೆನ್ಸರನ್ನು ಕಿತ್ತು ಡ್ರಾದಲ್ಲಿಟ್ಟೆವು. ಅದಕ್ಕೆ ಬೆಕ್ಕಿನ ಕಂಡೆನ್ಸರ್ ಎಂದೇ ಹೆಸರಾಯಿತು.

ಗುಟ್ಟು ಬಯಲಾದ ಮೇಲೂ ಪದ್ಧತಿ ಬದಲಾಗಲಿಲ್ಲ. ಕಾಕಿ ಒಳಗೇ ಕೂರುತ್ತಿದ್ದಳು. ಒಮ್ಮೆ ಕಾಕಾ ಇಲ್ಲದಾಗ ನಾನು ಕೇಳಿದೆ, ಅವನ ಖುಷಿಗಾದರೂ ಒಮ್ಮೆ ಸುಮ್ಮನೆ ಕೈ ನಿಲ್ಲಿಸಬಾರದೇ ಎಂದು. ಕಾಕಿ ಹಿಟ್ಟು ನಾದುತ್ತಲೇ ಹೇಳಿದಳು.

"ಸುಳ್ಳಸುಳ್ಳೇ ಕೈ ನಿಲ್ಲಿಸಿದ್ರ ಅವ್ರ ಕೆಲಸ ಕೆಡತದ ತಮ್ಮಾ. ಕಿವಿ ಹೋದ್ರೂ ಕೆಲಸ ಉಳೀಲಿ."

ಆ ಭಾನುವಾರ ಹೈದರಾಬಾದಿನಿಂದ ತರಿಸಿದ ಹಳೇ ಕಾಲದ ವಾಲ್ವ್ ಜೋಡಿಯನ್ನು, ಅದರ ಗೂಡಿಗೆ ಹೊಸ ಬೆಸುಗೆ ಹಾಕಿ ಕೂರಿಸಿದ್ದೆವು. ಕಾಯಲಿಕ್ಕೆ ಬಿಟ್ಟು, ಚಹಾ ಕುಡಿದು, ಹಾಡು ಹಚ್ಚಿದೆವು. ಪಟ್ ಪಟ್ ನಡೆದೇ ಇತ್ತು. ಏಕತಾರಿ ಬಂತು, ದನಿ ಬಂತು. ತಾಳ ಬರುವಷ್ಟರಲ್ಲಿ ಕೈ ನಿಂತಿತು. ಒಂದು ಗಳಿಗೆ... ಎರಡು... ಕಾಕಾ ಬೆಕ್ಕು ಬಂದಿದೆಯೇ ಎಂದು ಬಗ್ಗಿ ನೋಡಿದ. ಬೆಕ್ಕು ಇರಲಿಲ್ಲ. ಕಾಕಿ ಒಲೆಯ ಮುಂದೆ ಕೈಯಲ್ಲಿ ಹಿಟ್ಟು ಹಿಡಿದು ಕೂತಿದ್ದಳು. ಹಂಚಿನ ಮೇಲಿನ ರೊಟ್ಟಿ ಕರ್ರಗಾಗಿ ಹೊಗೆ ಏಳುತ್ತಿತ್ತು. ಅಷ್ಟು ವರ್ಷದಲ್ಲಿ ಅವಳು ರೊಟ್ಟಿ ಸೀಯಲು ಬಿಟ್ಟಿದ್ದನ್ನು ನಾನು ಕಂಡಿರಲಿಲ್ಲ.

"ತಾಳ ಬಿಡಿಬಿಡಿ ಕೇಳಾಕತ್ತದ ನೋಡ್ರಿ," ಎಂದಳು. ಕಾಕಾ ಆ ಸೀದ ರೊಟ್ಟಿಯನ್ನೇ ಬೇಡಿ, ಹಿಂಡಿ ಪಲ್ಲೆಗೆ ಹಚ್ಚಿ ಪೂರ್ತಿ ತಿಂದ. "ಇನ್ನ ಕಡೀ ಒಂದು ಜೋಡಿ ಕಂಡೆನ್ಸರ್ ಉಳಿದದ. ಮುಂದಿನ ಐತ್ವಾರಕ್ಕ ಮುಗೀತದ," ಎಂದ.

ಬುಧವಾರ ಕಾಕಿ ಎದೆ ನೋವು ಎಂದಳು. ಕಲಬುರಗಿಗೆ ಒಯ್ಯುವ ದಾರಿಯಲ್ಲಿ... ಶುಕ್ರವಾರ ಕಂಡೆನ್ಸರ್ ಬಂದವು. ಪಾಕೀಟು ಆರು ತಿಂಗಳು ಡ್ರಾದಲ್ಲೇ ಇತ್ತು, ಬೆಕ್ಕಿನ ಕಂಡೆನ್ಸರಿನ ಪಕ್ಕ.

ನಿನ್ನೆ ಕಾಕಾ ತಾನಾಗಿಯೇ ಪಾಕೀಟು ಒಡೆದ. ಎರಡನ್ನೂ ಉದ್ದ ಕಾಲಿನಲ್ಲಿ ಹಗುರವಾಗಿ ಬೆಸೆದ. ವಾಲ್ವಿನ ಕೆಳಗಿನ ಕೆಂಪು ದೀಪ ಹತ್ತಿತು. ತತ್ವಪದ ಹಚ್ಚಿದೆವು. ಇಬ್ಬರೂ ಗೋಡೆ ನೋಡುತ್ತ ಕೂತಿದ್ದೇವೆ ಎಂದು ತುಸು ಹೊತ್ತಿನ ಮೇಲೆ ತಿಳಿದು ನಗು ಬಂತು. ಒಳಗಿನಿಂದ ಸೀದ ವಾಸನೆ ಬಂದಾಗ ನಾನು ಓಡಿಹೋಗಿ ಒಲೆ ಆರಿಸಿ ಬಂದೆ.

"ಛಲೋ ಆಗ್ಯಾದ ಕಾಕಾ," ಎಂದೆ.

"ನೀ ಎಲ್ಲಾದಕ್ಕೂ ಛಲೋನೇ ಅಂತಿ," ಎಂದು ಕಾಕಾ ಇಕ್ಕಳವನ್ನು ಮೇಜಿನ ಮೇಲಿಟ್ಟ.

ಆ ಎರಡು ಕಂಡೆನ್ಸರಿನ ಕಾಲುಗಳನ್ನು ಅವನು ಕತ್ತರಿಸಲಿಲ್ಲ. ಗೋಡೆಯ ಆಚೆ ರೊಟ್ಟಿ ಬಡಿಯುವವರಿಲ್ಲ.