ಡಾಕ್ಟರ ಬಲಗಾಲು

ಹೋದ ತಿಂಗಳು ನಮ್ಮ ಬಿಲ್ಡಿಂಗಿನ ಕೆಳಗೆ ಒಬ್ಬ ಟೆಂಪೋದವನು ತನ್ನ ಗಾಡಿಯ ಹಿಂದಿನ ಆಕ್ಸಲಿನಿಂದ ಹಳೆಯ ಗೇರ್ ಎಣ್ಣೆ ಇಳಿಸುತ್ತಿದ್ದ. ಆ ಎಣ್ಣೆಯ ವಾಸನೆ ಎಂಜಿನ್ ಎಣ್ಣೆಯ ಹಾಗಲ್ಲ. ಗಂಧಕ ಬೆರೆತದ್ದು, ಕೊಳೆತ ಬೆಳ್ಳುಳ್ಳಿಯಂಥದ್ದು. ಬಟ್ಟೆಗೆ ಹತ್ತಿದರೆ ಮೂರು ಸಲ ಒಗೆದರೂ ಹೋಗುವುದಿಲ್ಲ. ಗೇರು ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ನನಗೆ ಅದು ಹೊಸದೇನಲ್ಲ. ಆದರೂ ಹಾಲಿನ ಚೀಲ ಹಿಡಿದುಕೊಂಡು ಮೆಟ್ಟಿಲ ಹತ್ತಿರವೇ ನಿಂತುಬಿಟ್ಟೆ. ಕಣ್ಣ ಮುಂದೆ ಬಂದದ್ದು ಕಾರ್ಖಾನೆಯಲ್ಲ, ದನದ ಡಾಕ್ಟರು...

ಮರಾಠಿ ಸೀಮೆಯ ನಿಗಡಿಯಲ್ಲಿ ಆಗ ನಮ್ಮದು ಸಾಲುಮನೆ. ಡಾಕ್ಟರ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ ಅಷ್ಟೇ. ಅವರು ಧಾರವಾಡದ ಕಡೆಯವರು, ನಾನು ಬೈಲಹೊಂಗಲದ ಕಡೆಯವನು. ಗಲ್ಲಿಯ ತುಂಬ ಮರಾಠಿ ಇದ್ದರೂ ಆ ಗೋಡೆಯ ಮೇಲೆ ಮಾತ್ರ ಕನ್ನಡ ನಡೆಯುತ್ತಿತ್ತು. ಯಾವುದೋ ಹಾಲಿನ ಸಂಘದಲ್ಲಿ ನೌಕರಿ ಮಾಡಿ ನಿವೃತ್ತರಾದ ಮೇಲೂ ಅವರು ದನ ನೋಡುವುದನ್ನು ಬಿಟ್ಟಿರಲಿಲ್ಲ. ಹರಾಜಿನಲ್ಲಿ ಒಂದು ಹಳೆಯ ಜೀಪು ಹಿಡಿದಿದ್ದರು. ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹೋಗುವಂಥದ್ದು. ತಳೇಗಾಂವ ದಾಟಿ ಮಾವಳದ ಗುಡ್ಡಗಳಲ್ಲಿ ಮಳೆಗಾಲಕ್ಕೆ ಬಸ್ಸು ಹೋಗದ ವಾಡಿಗಳಿದ್ದವು, ಹತ್ತಿಪ್ಪತ್ತು ಮನೆಯ ಹಳ್ಳಿಗಳು. ಬುಧವಾರ, ಶನಿವಾರ ಡಾಕ್ಟರು ಹಳ್ಳಗಳನ್ನು ಇಳಿದು ಹತ್ತಿ ಅಲ್ಲಿಗೆ ಹೋಗುತ್ತಿದ್ದರು. ದನ ನೋಡುವಾಗ ಮೊದಲು ಮುಟ್ಟುತ್ತಿರಲಿಲ್ಲವಂತೆ. ಎರಡು ಹೆಜ್ಜೆ ದೂರ ನಿಂತು ಸುಮ್ಮನೆ ನೋಡುತ್ತಿದ್ದರಂತೆ, ದನ ತಾನಾಗಿ ಏನಾದರೂ ಹೇಳಲಿ ಎನ್ನುವ ಹಾಗೆ.

"ನೀ ಕಬ್ಬಿಣಕ್ಕ ಹಲ್ಲ ಕೊರಿಯಾವ, ನಾ ದನದ ಹಲ್ಲ ಎಣಸಾವ. ನಮ್ಮಿಬ್ಬರದೂ ಒಂದ ಜಾತಿ ನೋಡು ತಮ್ಮಾ" ಎಂದು ನಗುತ್ತಿದ್ದರು. ನಾನು ಮ್ಯಾಟ್ರಿಕ್ ಮುಗಿಸಿ ಮಶಿನ್ ಮುಂದೆ ನಿಂತವನು. ಅವರಂಥವರು ನನ್ನನ್ನು ತಮ್ಮ ಸಾಲಿಗೆ ಸೇರಿಸಿಕೊಂಡರೆ ನನಗೆ ಎಷ್ಟು ಹಿಗ್ಗಾಗುತ್ತಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಮುಂದೆ ಆದದ್ದಕ್ಕೆ ಆ ಹಿಗ್ಗೂ ಒಂದು ಕಾರಣ.

ಒಂದು ಮಳೆಗಾಲದಲ್ಲಿ ಜೀಪಿನ ಹಿಂದಿನ ಆಕ್ಸಲ್ ನರಳಲು ಶುರುವಾಯಿತು. ಅವರ ಅಂಗಳದಲ್ಲೇ ಗಾಡಿಯ ಕೆಳಗೆ ಮಲಗಿ ನಾನು ಅದರ ಎಣ್ಣೆ ಇಳಿಸಿದೆ. ಕಪ್ಪಗೆ ಬರಬೇಕಾದದ್ದು ಬೆಳ್ಳಗೆ, ನೊರೆನೊರೆಯಾಗಿ ಬಂತು. ನೀರು ಸೇರಿತ್ತು.

"ಅಯ್ಯ, ಇದು ನಿಮ್ಮ ವೈನಿ ಮಾಡೂ ಚಹಾ ಆತಲ್ಲೋ!" ಎಂದರು ಡಾಕ್ಟರು.

ವೈನಿ, ಎಂದರೆ ಡಾಕ್ಟರ ಹೆಂಡತಿ, ಒಳಗಿನಿಂದಲೇ ಉತ್ತರ ಕೊಟ್ಟರು: "ಹಂಗಾರ ನಾಳಿಂದ ಅದನ್ನ ಬಸಕೊಂಡು ಕುಡೀರಿ. ನನಗ ಒಲಿ ಹಚ್ಚೂದು ತಪ್ಪತದ."

ನೀರು ಸೇರುವುದು ಹೇಗೆಂದು ನನಗೆ ಗೊತ್ತಿತ್ತು. ಆಕ್ಸಲಿನ ನಡುವೆ ಗೇರುಗಳಿರುವ ಗುಂಡನೆಯ ಪೆಟ್ಟಿಗೆ ಇರುತ್ತದೆ, ಡಿಫರೆನ್ಶಿಯಲ್. ಓಡುವಾಗ ಅದು ಕಾಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಆ ಗಾಳಿ ಹೊರಹೋಗಲು ಮೇಲೆ ಒಂದು ಸಣ್ಣ ತೂತು. ಅದಕ್ಕೆ ಬ್ರೀದರ್ ಎನ್ನುತ್ತಾರೆ. ಕಾದ ಆಕ್ಸಲ್ ತಣ್ಣನೆಯ ಹಳ್ಳಕ್ಕಿಳಿದರೆ ಒಳಗಿನ ಗಾಳಿ ಕುಗ್ಗಿ, ಆ ತೂತಿನಿಂದಲೇ ನೀರನ್ನು ಒಳಕ್ಕೆಳೆದುಕೊಳ್ಳುತ್ತದೆ. ಅದಕ್ಕೆ ಒಂದೇ ಉಪಾಯ. ತೂತಿಗೆ ರಬ್ಬರ್ ಪೈಪು ಜೋಡಿಸಿ, ಅದರ ಬಾಯಿಯನ್ನು ನೀರು ಮುಟ್ಟದಷ್ಟು ಎತ್ತರಕ್ಕೆ ಒಯ್ಯುವುದು.

ನಾನು ಇದನ್ನು ಹೇಳಿದಾಗ ಡಾಕ್ಟರಿಗೆ ಎಷ್ಟು ಬೇಗ ತಿಳಿಯಿತೆಂದರೆ ನನಗೇ ಆಶ್ಚರ್ಯವಾಯಿತು. "ಹೊಟ್ಟಿ ಉಬ್ಬಿದ ಎಮ್ಮಿ ಇದ್ದಂಗ ಅಲ್ಲೇನು? ಗಾಳಿ ಹೊರಗ ಬಿಡದಿದ್ರ ಅದು ಎಲ್ಲಿಂದರ ಒಡಕೊಂಡು ಬರತದ. ಎಡ ಮಗ್ಗಲಕ್ಕ ಸಣ್ಣ ತೂತ ಮಾಡಿ ನಳಿಗಿ ಇಟ್ರ ಎಮ್ಮಿ ಎದ್ದು ನಿಂದರತದ. ನಿನ್ನ ಪೈಪೂ ಹಂಗ. ಬಾಯಿ ಮಾತ್ರ ಎಂದೂ ಕಟ್ಟಬಾರದು, ಹೌದಲ್ಲೋ?"

"ಹೌದ್ರಿ" ಎಂದೆ ನಾನು.

ಎರಡು ಭಾನುವಾರ ಕೆಲಸ ನಡೆಯಿತು. ಮುಂದಿನ, ಹಿಂದಿನ ಎರಡೂ ಆಕ್ಸಲುಗಳ ಮೇಲಿದ್ದ ಹಳೆಯ ಬ್ರೀದರ್‌ಗಳನ್ನು ಬಿಚ್ಚಿದೆ. ಎರಡಕ್ಕೂ ಕೆಸರು ಮೆತ್ತಿತ್ತು. ಆ ಜಾಗಕ್ಕೆ ಹಿತ್ತಾಳೆಯ ನಿಪ್ಪಲ್ ತಿರುವಿ ಪೈಪು ಸಿಕ್ಕಿಸಿ ಪಟ್ಟಿ ಬಿಗಿದೆ. ಗಾಲಿ ಮೇಲೆ ಕೆಳಗೆ ಆಡಿದಾಗ ಜಗ್ಗದಂತೆ ಪೈಪು ಸಡಿಲ ಬಿಟ್ಟೆ, ಸೈಲೆನ್ಸರಿನಿಂದ ದೂರ ಒಯ್ದೆ. ಮುಂದಿನ ಪೈಪನ್ನು ಎಂಜಿನ್ ಕೋಣೆಯ ಮೇಲ್ಭಾಗಕ್ಕೆ ಕಟ್ಟಿ, ಧೂಳು ಹೋಗಬಾರದೆಂದು ತುದಿಗೆ ಸ್ಕೂಟರಿನ ಪೆಟ್ರೋಲ್ ಫಿಲ್ಟರ್ ಹಾಕಿದೆ. ಹಿಂದಿನ ಪೈಪು ಗಾಡಿಯ ಹಿಂದಿನ ದೀಪದ ತನಕ ಹೋಗಬೇಕಿತ್ತು, ಆದರೆ ತಂದ ಪೈಪು ಸಾಲಲಿಲ್ಲ. ಸದ್ಯಕ್ಕೆ ಇರಲಿ ಎಂದು ಅದರ ಬಾಯಿಯನ್ನು ಗಾಡಿಯ ಒಳಗೆ, ಸೀಟಿನ ಹಿಂದೆ ಕಟ್ಟಿದೆ. ಡಾಕ್ಟರು ಬಗ್ಗಿ ಪೈಪಿಗೆ ಬಾಯಿಟ್ಟು ಊದಿ, ಮೀಸೆಗೆ ಎಣ್ಣೆ ಬಳಿದುಕೊಂಡು, "ಉಸಿರಾಡ್ತದ!" ಎಂದು ಕೂಗಿದರು. ವೈನಿ ಬಿದ್ದು ಬಿದ್ದು ನಕ್ಕರು.

ಮುಂದಿನ ಶನಿವಾರ ವೈನಿಯೂ ಗಾಡಿಯಲ್ಲಿ ಹೋದರು, ಅರ್ಧ ದಾರಿಗೆ ವಾಂತಿ ಮಾಡಿಕೊಂಡು ಬಂದರು. "ಗಾಡ್ಯಾಗ ಬೆಳ್ಳೊಳ್ಳಿ ಗೋದಾಮ ಇಟ್ಟೀರೇನಪಾ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಕಾದ ಎಣ್ಣೆಯ ವಾಸನೆ ಪೈಪಿನಿಂದ ಒಳಗೇ ತುಂಬುತ್ತಿತ್ತು. ಪೈಪನ್ನು ಹೊರಗೆ ಒಯ್ಯಲು ಡಾಕ್ಟರು ಹೇಳಿದರು. ಇನ್ನೆರಡು ಮೊಳ ಪೈಪು ತರಬೇಕಿತ್ತು, ಗಾಡಿಯ ತಗಡಿಗೆ ಒಂದು ತೂತು ಕೊರೆಯಬೇಕಿತ್ತು. ಒಂದು ತಾಸಿನ ಕೆಲಸ.

ಮಂಗಳವಾರ ಮಧ್ಯಾಹ್ನ ಪಾಳಿ ಮುಗಿಸಿ ಬಂದಾಗ ಮೈ ಸೋತಿತ್ತು. ಪೈಪು ತಂದಿರಲಿಲ್ಲ. ಕಿಸೆಯಲ್ಲಿ ಕಾರ್ಖಾನೆಯ ಒಂದು ರಬ್ಬರ್ ಬೂಚು ಇತ್ತು. ನಮ್ಮ ವಿಭಾಗದಲ್ಲಿ ಹೊಸಬರಿಗೆ ಕಲಿಸುವ ಮೊದಲ ಪಾಠವೇ ಅದು: ಯಾವ ತೂತನ್ನೂ ತೆರೆದು ಬಿಡಬಾರದು. ಗೇರ್ ಪೆಟ್ಟಿಗೆ ತೊಳೆಯಲು ಹೋಗುವ ಮುಂಚೆ ಪ್ರತಿ ತೂತಿಗೂ ಬೂಚು. ಒಂದು ತಪ್ಪಿದರೂ ಫೋರ್‌ಮನ್ ಎಲ್ಲರ ಮುಂದೆ ಮರ್ಯಾದೆ ಕಳೆಯುತ್ತಿದ್ದ. ಅಷ್ಟು ವರ್ಷಗಳಲ್ಲಿ ನನ್ನ ಕೈಗೆ ಅದು ಅಂಟಿಹೋಗಿತ್ತು. ತೂತು ಕಂಡಲ್ಲಿ ಬೆರಳು ತಾನಾಗಿ ಬೂಚು ಹುಡುಕುತ್ತಿತ್ತು. ಪೈಪಿನ ಬಾಯಿಗೆ ಬೂಚು ಒತ್ತಿದೆ. ಎರಡು ದಿನದ ಮಟ್ಟಿಗೆ, ಎಂದುಕೊಂಡೆ.

ಕೈಯ ರೂಢಿ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಇಷ್ಟು ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡಿದ್ದೇನೆ. ಆದರೆ ಅದು ಪೂರ್ತಿ ನಿಜವಲ್ಲ. ಒತ್ತುವಾಗಲೇ ಎಮ್ಮೆಯ ಮಾತು ನೆನಪಾಗಿತ್ತು. ಒಳಗಿನಿಂದ ಡಾಕ್ಟರು "ಆತೇನೋ ತಮ್ಮಾ?" ಎಂದು ಕೇಳಿದರು. ನಾನು "ಆತ್ರಿ" ಎಂದೆ.

ವಾಸನೆ ನಿಂತಿತು. ವೈನಿ ಶೇಂಗಾದುಂಡಿ ಕಳಿಸಿಕೊಟ್ಟರು. ಎರಡು ದಿನ ಹೋಗಿ ಎರಡು ವಾರವಾಯಿತು. ಜೀಪು ಹೊರಡುವುದನ್ನು ನೋಡಿದಾಗಲೆಲ್ಲ ನಾಳೆ ಮಾಡಿದರಾಯಿತು ಎನ್ನುತ್ತಿದ್ದೆ...

ಒಂದು ಶನಿವಾರ ಡಾಕ್ಟರು ಘಾಟು ಹತ್ತಿ, ವಾಡಿಯೊಂದಕ್ಕೆ ಇಳಿಯುವ ಕಡಿದಾದ ದಾರಿಯಲ್ಲಿದ್ದರು. ಬ್ರೇಕು ಒತ್ತಿದಾಗ ಗಾಡಿ ನಿಲ್ಲಲಿಲ್ಲ. ಬಲಕ್ಕೆ ಎಳೆದುಕೊಂಡು ಕೆಸರಿನಲ್ಲಿ ಜಾರಿ ದಾರಿಯ ಅಂಚಿನ ಕೊಟ್ಟಿಗೆಗೆ ನುಗ್ಗಿತು. ಡಾಕ್ಟರ ಹಣೆ ಒಡೆಯಿತು. ಕೊಟ್ಟಿಗೆಯಲ್ಲಿ ಒಂದು ಗಬ್ಬದ ಹಸು ಕಟ್ಟಿತ್ತು. ಅದರ ಹಿಂಗಾಲುಗಳೆರಡೂ ಮುರಿದವು. ಡಾಕ್ಟರು ಹಣೆಗೆ ಟವೆಲ್ ಕಟ್ಟಿಕೊಂಡು, ತಮ್ಮದೇ ಚೀಲದಿಂದ ಮದ್ದು ತೆಗೆದು, ತಮ್ಮ ಕೈಯಾರೆ ಅದಕ್ಕೆ ಕೊನೆಯ ಸೂಜಿ ಚುಚ್ಚಿದರು.

ಮರುದಿನ ಗಾಡಿ ತರಲು ನಾನು ಹೋದೆ. ಆ ಊರವರು ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಹಸು ಕಳೆದುಕೊಂಡವನೇ ನನ್ನ ಪಕ್ಕ ನಿಂತು "ಡಾಕ್ಟರ್ ಆತಾ ಮ್ಹಾತಾರೇ ಝಾಲೇ" ಎಂದ. ಡಾಕ್ಟರಿಗೆ ಈಗ ವಯಸ್ಸಾಯಿತು, ಎಂದು. ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ನಾನು ಹಿಂದಿನ ಎಡ ಗಾಲಿ ತೆಗೆದು ಬ್ರೇಕಿನ ಡ್ರಮ್ಮು ಬಿಚ್ಚಿದೆ. ಒಳಗೆಲ್ಲ ಗೇರ್ ಎಣ್ಣೆ. ಹೊರಹೋಗಲು ದಾರಿಯಿಲ್ಲದ ಗಾಳಿ, ಕಾದಾಗಲೆಲ್ಲ ಎಣ್ಣೆಯನ್ನು ಆಕ್ಸಲಿನ ತುದಿಯ ರಬ್ಬರ್ ಸೀಲು ದಾಟಿಸಿ ಡ್ರಮ್ಮಿನೊಳಕ್ಕೆ ನೂಕಿತ್ತು. ಎಣ್ಣೆ ಕುಡಿದ ಬ್ರೇಕು ಹಿಡಿಯುವುದಾದರೂ ಹೇಗೆ? ಡಾಕ್ಟರು ಹೇಳಿದಂತೆಯೇ ಆಗಿತ್ತು, ಎಲ್ಲಿಂದಾದರೂ ಒಡೆದುಕೊಂಡು ಬಂದಿತ್ತು. "ಕಾಯ್ ಝಾಲಂ?" ಏನಾಗಿದೆ, ಎಂದು ಆತ ಕೇಳಿದ. "ಕಾಯ್ ನಾಹೀ," ಏನೂ ಇಲ್ಲ, ಎಂದೆ. ಆತ ಅತ್ತ ತಿರುಗಿದಾಗ ಪೈಪಿನ ಬೂಚು ಕಿತ್ತು ಕಿಸೆಗೆ ಹಾಕಿಕೊಂಡೆ.

ಗಾಡಿಯನ್ನು ಎಳೆಸಿಕೊಂಡು ಬಂದು, ಕಾರ್ಖಾನೆಗೆ ಎರಡು ದಿನ ರಜೆ ಹಾಕಿ ಕೆಲಸಕ್ಕೆ ಕೂತೆ. ಹೊಲಿಗೆ ಹಾಕಿಸಿಕೊಂಡ ಡಾಕ್ಟರು ಒಳಗೆ ಮಲಗಿದ್ದರು. ಹೊಸ ಸೀಲು, ಹೊಸ ಬ್ರೇಕ್ ಲೈನರ್ ಹಾಕಿದೆ. ಡ್ರಮ್ಮನ್ನು ಪೆಟ್ರೋಲಿನಲ್ಲಿ ತೊಳೆದು ಒರೆಸಿದೆ. ತಗಡಿಗೆ ತೂತು ಕೊರೆದು ಪೈಪನ್ನು ಹಿಂದಿನ ದೀಪದವರೆಗೆ ಒಯ್ದು ಫಿಲ್ಟರ್ ಕೂರಿಸಿದೆ. ಅಷ್ಟು ಚೊಕ್ಕ ಕೆಲಸ ನನ್ನ ಕೈಯಿಂದ ಹಿಂದೆಂದೂ ಆಗಿರಲಿಲ್ಲ, ಮುಂದೆಯೂ ಆಗಲಿಲ್ಲ.

ಮೂರನೆಯ ದಿನ ಡಾಕ್ಟರು ಹಣೆಯ ಪಟ್ಟಿಯೊಂದಿಗೆ ಅಂಗಳಕ್ಕೆ ಬಂದರು. ಗಾಡಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಬಿಚ್ಚಿ ನೋಡಿದಿ ಅಲ್ಲೋ?"

"ನೋಡಿದೆರಿ."

"ಖರೇ ಹೇಳು ತಮ್ಮಾ. ನಾ ಬ್ರೇಕ್ ಒತ್ತಿದ್ದು ನನಗ ನೆನಪದ. ಪೂರಾ ಒತ್ತಿದೆ. ಆದ್ರ ಎಲ್ಲಾರೂ ಹೇಳ್ತಾರ, ಒತ್ತಿರಲಿಕ್ಕಿಲ್ಲ, ಕಾಲು ತಪ್ಪಿರಬೇಕು ಅಂತ. ಬ್ರೇಕಿನಾಗ ಏನರ ದೋಷ ಇತ್ತೇನು?"

ಆಗ ಹೇಳಿದ್ದರೆ ಏನಾಗುತ್ತಿತ್ತು? ಬೈಯುತ್ತಿದ್ದರು. ಎರಡು ದಿನ ಮಾತು ಬಿಡುತ್ತಿದ್ದರು. ಮೂರನೆಯ ದಿನ ಗೋಡೆಯಾಚೆಯಿಂದ ಚಹಾಕ್ಕೆ ಕರೆಯುತ್ತಿದ್ದರು. ಅದು ನನಗೆ ಆಗಲೂ ಗೊತ್ತಿತ್ತು. ಆದರೆ ಗಲ್ಲಿಯಲ್ಲಿ ನನ್ನ ಕೈಗೆ ಒಂದು ಹೆಸರಿತ್ತು. ಅವರು ನನ್ನನ್ನು ತಮ್ಮ ಜಾತಿಯವನೆಂದಿದ್ದರು...

"ಏನೂ ಇರಲಿಲ್ರಿ. ಬ್ರೇಕ್ ಚಲೋ ಅದಾವ."

ಡಾಕ್ಟರು ತಲೆ ತಗ್ಗಿಸಿ ಚಪ್ಪಲಿಯಲ್ಲಿದ್ದ ತಮ್ಮ ಬಲಗಾಲನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ "ಹಂಗಾರ ಇದಽ ಸುಳ್ಳ ಹೇಳ್ಲಿಕತ್ತದ" ಎಂದು ಒಳಗೆ ಹೋದರು.

ಮತ್ತೆ ಅವರು ಗಾಡಿಯ ಸ್ಟಿಯರಿಂಗ್ ಮುಟ್ಟಲಿಲ್ಲ. ಬೆಳಿಗ್ಗೆ ಗೇಟಿನ ಕೆಳಗಿನ ಸರಳಿಗೆ ಬಲಗಾಲಿಟ್ಟು ಒತ್ತುವುದು, ಬಿಡುವುದು, ಒಂದು ಎರಡು ಎಂದು ಎಣಿಸುವುದು ಮಾಡುತ್ತಿದ್ದರು. ನಾನು ಪಾಳಿಗೆ ಹೊರಡುವ ಹೊತ್ತಿಗೇ ಅದು ನಡೆಯುತ್ತಿತ್ತು. ವಾಡಿಯವರು ಬಸ್ಸು ಹಿಡಿದು ಬಂದು ಕರೆದರು. ಮೋಟರ್ ಸೈಕಲ್ ಮೇಲೆ ನಾವೇ ಒಯ್ಯುತ್ತೇವೆ, ಸೂಜಿ ಹಾಕಿದರೆ ಸಾಕು ಎಂದರು. ಡಾಕ್ಟರು ಒಪ್ಪಲಿಲ್ಲ. ಕಾಲು ಮೋಸ ಮಾಡಿದ್ದು ತಿಳಿಯಲಿಲ್ಲ, ನಾಳೆ ಕೈ ಮಾಡಿದರೂ ತಿಳಿಯುವುದಿಲ್ಲ, ಎಂದರು. ನಲವತ್ತು ವರ್ಷದ ಕೆಲಸವನ್ನು ಅವರು ಬಿಟ್ಟದ್ದು ಹೀಗೆ. ಆಮೇಲೆ ಜೀಪನ್ನು ಕೊಳ್ಳಲು ಬಂದವನು ಒಂದು ಸುತ್ತು ಓಡಿಸಿ ಬಂದು, "ಬ್ರೇಕ್ ಏಕದಮ್ ಮಸ್ತ್ ಆಹೇತ, ಕಾಕಾ" ಎಂದು ಹೊಗಳಿದ. ಡಾಕ್ಟರು ಕಟ್ಟೆಯ ಮೇಲೆ ಕೂತು ಕೇಳಿದರು. ನಾನು ಗೋಡೆಯ ಈಚೆ ಇದ್ದೆ.

ಎಷ್ಟೋ ಸಲ ಹೇಳಬೇಕೆಂದು ಹೋಗಿ, ಚಹಾ ಕುಡಿದು ಬಂದಿದ್ದೇನೆ. ಎಂಟು ವರ್ಷ ಅವರು ಹಾಗೆಯೇ ಇದ್ದು ತೀರಿಕೊಂಡರು. ಒಯ್ಯುವ ಮುಂಚೆ ಎಲ್ಲರೂ ಪಾದ ಮುಟ್ಟಿ ನಮಸ್ಕರಿಸಿದರು. ನನ್ನಿಂದ ಆಗಲಿಲ್ಲ.

ವೈನಿ ಈಗ ತಳೇಗಾಂವ ದಾಭಾಡೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಹೋದ ತಿಂಗಳು ಆ ವಾಸನೆ ಬಂದ ಮೇಲೆ ನಾಲ್ಕು ದಿನ ತಡೆದು ನೋಡಿದೆ. ಐದನೆಯ ದಿನ ಲೋಕಲ್ ರೈಲು ಹತ್ತಿ ಹೋದೆ. ಮಗಳು ಕೆಲಸಕ್ಕೆ ಹೋಗಿದ್ದಳು. ವೈನಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದರು. ಬೂಚಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ, ಏನನ್ನೂ ಬಿಡಲಿಲ್ಲ.

ಅವರು ಕೇಳಿದರು: "ಅಂದ್ರ ಅವರು ಒತ್ತಿದ್ರೇನು?"

"ಒತ್ತಿದ್ರು ವೈನಿ."

"ಕಡೀತನಕಾ ಕೇಳತಿದ್ರು ನನ್ನ. ಯಾರರೆ ನಂಬದಿರಲಿ, ನೀನರ ನಂಬ್ತೀ ಏನ, ಅಂತ. ನಾ ಏನಂತಿದ್ದೆ ಗೊತ್ತದೇನು? ಸುಮ್ನ ಕೂಡ್ರಿ, ವಯಸ್ಸಾತು, ಮತ್ತ ಮತ್ತ ಅದನ್ನ ಏನ ಕೇಳ್ತೀರಿ, ಅಂತಿದ್ದೆ." ಕೈಯಲ್ಲಿದ್ದ ದಂಟನ್ನು ಅವರು ಕೆಳಗಿಡಲಿಲ್ಲ. "ನೀ ಹಗುರಾಗ್ಲಿಕ್ಕೆ ನನ್ನ ಕಡೆ ಬಂದಿ. ನಾ ಈಗ ಯಾರ ಕಡೆ ಹೋಗ್ಲೋ?"

ಎದ್ದು ಬಂದೆ. ಹೋಗಿ ಬಾ ಎಂದು ಅವರು ಅನ್ನಲಿಲ್ಲ.

ಮೊನ್ನೆ ಅವರ ಮಗಳ ಫೋನ್ ಬಂತು. ಅವ್ವ ಗೋಡೆಯ ಮೇಲಿದ್ದ ಅಪ್ಪನ ಫೋಟೋ ಇಳಿಸಿ ಹಾಸಿಗೆಯ ಮೇಲೆ ಇಟ್ಟುಕೊಂಡಿದ್ದಾಳೆ, ಅದರ ಜೊತೆಗೇ ಮಾತಾಡುತ್ತಾಳೆ, ನಮ್ಮೊಡನೆ ಆಡುವುದಿಲ್ಲ, ಎಂದಳು. "ನೀವು ಬಂದು ಹೋದಾಗಿಂದ ಹಿಂಗ ಆಗ್ಯಾಳ. ಏನ ಹೇಳಿದ್ರಿ ಕಾಕಾ?" ಎಂದು ಕೇಳಿದಳು. ಬಾಯಲ್ಲಿ ಹೇಳುವುದು ಇನ್ನೊಮ್ಮೆ ನನ್ನಿಂದಾಗಲಿಲ್ಲ. ಬರೆದು ಕಳಿಸುತ್ತೇನೆ ಎಂದೆ. ಅವಳಿಗಾಗಿ ಬರೆಯಲು ಕೂತದ್ದೇ ಇದು. ಅವಳು ಓದಲಿ, ಬೇರೆಯವರೂ ಓದಲಿ. ಅವಳ ಅಪ್ಪನ ಕಾಲು ಸುಳ್ಳು ಹೇಳಿರಲಿಲ್ಲ. ಅವರು ಬ್ರೇಕು ಒತ್ತಿದ್ದರು, ಪೂರಾ ಒತ್ತಿದ್ದರು.