ಗುರುವಾರವನ್ನು ಬಿಟ್ಟುಕೊಟ್ಟದ್ದು ಯಾರು

ಶಂಶಾಬಾದಿನಲ್ಲಿ ವಿಮಾನಕ್ಕೆ ಸರಕು ಕಳಿಸುವ ಗೋದಾಮೊಂದರಲ್ಲಿ ಕಾಗದಪತ್ರ ನೋಡುವ ಕೆಲಸ ನನ್ನದು. ಮೊದಲೆಲ್ಲ ರಜೆ ಬೇಕಾದರೆ ಎದುರಿನ ಮೇಜಿನವಳಿಗೆ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಅವಳು ನನ್ನ ಪಾಳಿ ಮಾಡುತ್ತಿದ್ದಳು, ನಾನು ಅವಳದನ್ನು. ಆಮೇಲೆ ಆಡಳಿತದವರಿಗೆ ಏನು ಹೊಳೆಯಿತೋ, ಎಲ್ಲರ ಫೋನಿಗೂ ಒಂದೊಂದು ತಂತ್ರಾಂಶ ಹಾಕಿಸಿದರು. ಬೇಕಾದ ದಿನ ಯಾವುದೆಂದು ಅದಕ್ಕೆ ತಿಳಿಸಬೇಕು. ನನ್ನ ಪರವಾಗಿ ನನ್ನದು, ಅವಳ ಪರವಾಗಿ ಅವಳದು, ತಮ್ಮತಮ್ಮಲ್ಲೇ ಚೌಕಾಸಿ ಮಾಡಿ ವಾರದ ಪಾಳಿ ಗೊತ್ತುಮಾಡುತ್ತವೆ. ಜಗಳಾಡಲೂ ನಮಗೆ ಪುರುಸೊತ್ತಿಲ್ಲ ಅಂದುಕೊಂಡರೇನೋ.

ಆ ವಾರ ನನಗೆ ಗುರುವಾರ ಬೇಕಿತ್ತು. ಬಿಜಾಪುರದಲ್ಲಿ ಅಕ್ಕನಿಗೆ ಗರ್ಭಕೋಶದ ಆಪರೇಷನ್. "ನೀ ಬಂದರ ನನಗ ಧೈರ್ಯ ನೋಡವ್ವಾ" ಎಂದು ಫೋನಿನಲ್ಲಿ ಹೇಳಿದ್ದಳು. ಅಕ್ಕ ಹಾಗೆಲ್ಲ ಕೇಳುವವಳಲ್ಲ.

ತಂತ್ರಾಂಶ ಎರಡು ಪ್ರಶ್ನೆ ಹಾಕಿತು. ಈ ದಿನ ಎಷ್ಟು ಅಗತ್ಯ? 'ಸಾಧ್ಯವಾದರೆ' ಎಂದು ಒತ್ತಿದೆ. ನಿಮ್ಮ ಹಿತ ಮೊದಲೋ, ಎಲ್ಲರ ಹಿತವೋ? ಇದೆಂಥ ಪ್ರಶ್ನೆ! ನನ್ನ ಹಿತ ಮೊದಲು ಎಂದು ಯಾವ ಬಾಯಿಂದ ಹೇಳುವುದು? ಎಲ್ಲರ ಹಿತ ಎಂದೆ. ನಮ್ಮ ಕಡೆ ಊಟಕ್ಕೆ ಕೂತವರು ಹಸಿವಿದ್ದರೂ "ಸಾಕ್ರಿ, ಸಾಕ್ರಿ" ಎಂದು ತಾಟಿಗೆ ಕೈ ಅಡ್ಡ ಹಿಡಿಯುತ್ತಾರೆ, ಬಡಿಸುವವರು ಕೈ ಸರಿಸಿ ಬಡಿಸುತ್ತಾರೆ. ಇದೂ ಇನ್ನೊಮ್ಮೆ ಕೇಳೀತು ಎಂದು ಕಾದೆ. ಕೇಳಲಿಲ್ಲ. ಭಾನುವಾರ ಪಟ್ಟಿ ಬಂತು. ಗುರುವಾರದ ರಜೆ ಎದುರಿನ ಮೇಜಿನವಳಿಗೆ, ಡ್ಯೂಟಿ ನನಗೆ.

ಮೈಯೆಲ್ಲ ಉರಿಯಿತು. ಮಾರನೆಯ ಬೆಳಿಗ್ಗೆ ಕೈಚೀಲ ಕೆಳಗಿಡುವ ಮೊದಲೇ ಅವಳನ್ನು ತರಾಟೆಗೆ ತೆಗೆದುಕೊಂಡೆ. ಅವಳು ಕಕ್ಕಾಬಿಕ್ಕಿಯಾದಳು. ಗುರುವಾರ ಅವಳಿಗೆ ಯಾವ ಕೆಲಸವೂ ಇರಲಿಲ್ಲ. 'ನನ್ನ ಹಿತ' ಎಂದು ಒತ್ತಿದ್ದಳು, ಅಷ್ಟೆ. ನನ್ನ ತಂತ್ರಾಂಶ ಬಿಟ್ಟುಕೊಟ್ಟದ್ದನ್ನು ಅವಳದು ತೆಗೆದುಕೊಂಡಿತ್ತು. "ಅಡಿಗಿತೇ ಇಚ್ಚೇದಾನ್ನಿ ಕದಾ," ಕೇಳಿದ್ದರೆ ಕೊಡುತ್ತಿದ್ದೆನಲ್ಲ, ಎಂದು ತೆಲುಗಿನಲ್ಲಿ ಹೇಳುತ್ತ ಕಣ್ಣಲ್ಲಿ ನೀರು ತಂದುಕೊಂಡಳು. ಸಿಟ್ಟು ಮಾಡಲು ಹೋದ ನಾನೇ ಸಮಾಧಾನ ಮಾಡುವ ಹಾಗಾಯಿತು.

ಇಬ್ಬರೂ ಕೂತು ಆ ದಿನವನ್ನು ಮರಳಿ ನನ್ನ ಹೆಸರಿಗೆ ಮಾಡಲು ನೋಡಿದೆವು. ಬದಲಿಗೆ ನನ್ನ ಎರಡು ಹಬ್ಬದ ರಜೆ ಬೇಕೆಂದಿತು ಅವಳ ತಂತ್ರಾಂಶ. ತಗೋ ಎಂದೆ. ಆಗ ನನ್ನದೇ ಅಡ್ಡ ಬಂತು. ಇದರಿಂದ ಇನ್ನು ನಾಲ್ವರಿಗೆ ತೊಂದರೆ, ನೀವು ಎಲ್ಲರ ಹಿತ ಆರಿಸಿದ್ದೀರಿ, ಆಯ್ಕೆ ಬದಲಿಸಿದರೆ ಮುಂದಿನ ವಾರದಿಂದ ಜಾರಿ ಎಂದಿತು. ಸ್ವಾರ್ಥಿ ಕೊಡಲು ತಯಾರು, ಪರೋಪಕಾರಿ ಬೇಡವೆನ್ನುತ್ತಿದೆ! ಯಾರು ಯಾರ ಕಡೆ ಎಂಬುದೇ ತಿಳಿಯದೆ ತಲೆ ಗಿರ್ರೆಂದಿತು. ಮೇಲ್ವಿಚಾರಕರ ಬಳಿ ಹೋದರೆ, "ದೋನೋಂ ರಾಜೀ ಹೈಂ ನಾ," ಎರಡೂ ಒಪ್ಪಿವೆಯಲ್ಲ, ಎಂದು ನಕ್ಕರು. ತಂತ್ರಾಂಶಗಳೆರಡೂ ಒಪ್ಪಿ ಪಟ್ಟಿ ಮುಚ್ಚಿದ ಮೇಲೆ ಅವರ ಕೈಯಲ್ಲಿ ಏನೂ ಇಲ್ಲವಂತೆ. ಯಾರ ಮೇಲೆ ಸಿಟ್ಟಾಗಬೇಕೆಂದು ನನಗೆ ಈಗಲೂ ಗೊತ್ತಾಗಿಲ್ಲ.

ಅಕ್ಕನಿಗೆ ಫೋನು ಮಾಡಿದೆ. "ರಜಾ ಸಿಗವಲ್ದು ಅಕ್ಕಾ" ಎಂದೆ.

"ಇರ್ಲಿ ಬಿಡವ್ವಾ. ನೌಕರಿ ಬಿಟ್ಟು ಯಾಕ ಬರ್ತಿ? ಇಲ್ಲಿ ಭಾಳ ಮಂದಿ ಅದಾರ. ನೀ ಬರೂದ ಬ್ಯಾಡ."

ಆಗ ಮನಸ್ಸು ಎಷ್ಟು ಹಗುರಾಯಿತು ಎಂದು ನೆನೆದರೆ ಈಗ ನಾಚಿಕೆಯಾಗುತ್ತದೆ. ಹೇಳದೆ ಕೇಳದೆ ಬಸ್ಸು ಹತ್ತಬಹುದಿತ್ತು. ಹೆಚ್ಚೆಂದರೆ ಒಂದು ಮೆಮೊ ಬರುತ್ತಿತ್ತು. ನಾನು ಗುರುವಾರ ಡ್ಯೂಟಿಗೆ ಹೋದೆ.

ಅಕ್ಕ ಹುಷಾರಾದಳು. ತಿಂಗಳ ಮೇಲೆ ನೋಡಲು ಹೋದಾಗ ಭಾವ ಚಹಾ ಕುಡಿಯುತ್ತ ಸಹಜವಾಗಿಯೇ ಆ ದಿನದ ಮಾತು ತೆಗೆದರು. ಒಳಗೆ ಕರೆದೊಯ್ಯಲು ಬಂದ ನರ್ಸಿಗೆ ಅಕ್ಕ, "ಒಂದೀಟ ತಡೀರಿ, ನಮ್ಮ ತಂಗಿ ಬರಾಕತ್ತಾಳ" ಎಂದಿದ್ದಳಂತೆ.