ನಾನು ಚೆನ್ನಾಗಿದೆ ಎಂದ ರಕ್ತ

ತುಟಿಗಳ ನಡುವೆ ಸಾಲಾಗಿ ನಾಲ್ಕು ಗುಂಡುಪಿನ್ನು. ಬಣ್ಣದ ತಲೆಗಳು ಹೊರಗೆ, ಮೊನೆಗಳು ಒಳಗೆ. ಬ್ಲೌಸಿನ ಅಳತೆ ಸರಿಮಾಡುವಾಗ ಆಂಟಿಯ ಮುಖ ಯಾವಾಗಲೂ ಹೀಗೇ ಇರುತ್ತಿತ್ತು, ಆ ಮುಖದಲ್ಲೇ ಅವರು ಮಾತೂ ಆಡುತ್ತಿದ್ದರು. ತುಟಿ ಬಿಡುವಂತಿಲ್ಲವಾದ್ದರಿಂದ ಪ, ಬ, ಮ ಇರುವ ಮಾತುಗಳನ್ನೆಲ್ಲ ಕೆಲಸದ ಹೊತ್ತಿನಲ್ಲಿ ಕೈಬಿಟ್ಟಿದ್ದರು. "ಕೈ ಎತ್ತು." "ತಿರುಗು." "ಉಸಿರು ಎಳಿ." ಬಿಗಿ ಎನ್ನಲಾಗದೆ "ಟೈಟಾ?" ಎನ್ನುತ್ತಿದ್ದರು, ಮುಂದೆ ಬಾ ಎನ್ನಲಾಗದೆ "ಈ ಕಡೆ" ಎನ್ನುತ್ತಿದ್ದರು. "ಏನಾಂಟಿ, ತುಟಿಯಿಲ್ಲದ ಕನ್ನಡ ಹೊಲ್ಕೊಂಡಿದ್ದೀರಲ್ಲ" ಎಂದು ನಾನು ರೇಗಿಸಿದರೆ ಪಿನ್ನುಗಳನ್ನು ತೆಗೆದು, "ನಿನ್ ಇಂಗ್ಲಿಷ್ ರಿಪೋರ್ಟಿಗಿಂತ ವಾಸಿ ಬಿಡು, ನಂದು ಜನಕ್ಕಾದ್ರೂ ಅರ್ಥ ಆಗುತ್ತೆ" ಎನ್ನುತ್ತಿದ್ದರು.

ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ರಸ್ತೆಯ ಹಳೆಯ ಕಟ್ಟಡ ಅದು. ಮೊದಲ ಮಹಡಿಯಲ್ಲಿ ನಾನು ಕೆಲಸ ಮಾಡುವ ಲ್ಯಾಬು, ಕೆಳಗೆ ಮೆಟ್ಟಿಲ ಪಕ್ಕದಲ್ಲಿ ಆಂಟಿಯ ಹೊಲಿಗೆ ಅಂಗಡಿ. ರಕ್ತ ತೆಗೆಯುವುದು, ಅದನ್ನು ಗಾಜಿನ ಸ್ಲೈಡಿನ ಮೇಲೆ ಹರಡಿ ಬಣ್ಣ ಹಾಕುವುದು, ಮೈಕ್ರೋಸ್ಕೋಪಿನಲ್ಲಿ ಕಣಗಳನ್ನು ನೋಡುವುದು ನನ್ನ ಕೆಲಸ. ಡಿಪ್ಲೊಮಾ ಮುಗಿಸಿ ಸೇರಿದ ಮೊದಲ ವಾರ ನರ ಸಿಗದೆ, ಹಿರಿಯರೊಬ್ಬರ ತೋಳಿಗೆ ಮೂರು ಸಲ ಚುಚ್ಚಿ ಎಲ್ಲರೆದುರು ಬೈಸಿಕೊಂಡಿದ್ದೆ. ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದವಳನ್ನು ಆಂಟಿ ಒಳಗೆ ಕರೆದರು. ಆಗ ನಮಗೆ ಸರಿಯಾಗಿ ಪರಿಚಯವೂ ಇರಲಿಲ್ಲ. ಏನಾಯಿತೆಂದು ಕೇಳಿ, ಎಡಗೈಯ ಬಳೆಗಳನ್ನು ಮೇಲೇರಿಸಿ ತೋಳು ಚಾಚಿದರು.

"ಹೋಗಿ ನಿನ್ ಸಾಮಾನು ತಗೊಂಬಾ. ಇಲ್ಲಿ ಚುಚ್ಚು."

"ಬೇಡ ಆಂಟಿ, ನಿಮಗೆ ನೋವಾಗುತ್ತೆ."

"ದಿನಾ ಹತ್ತು ಸಲ ನಾನೇ ಚುಚ್ಕೋತೀನಿ. ಸೂಜಿ ಹಿಡಿದೋಳು ಅನುಮಾನ ಪಡಬಾರದು ಕಣೆ. ನೀನು ಅನುಮಾನ ಪಟ್ಟಷ್ಟೂ ಎದುರಿಗಿರೋರಿಗೆ ನೋವು."

ನಾಲ್ಕು ದಿನ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಆ ತೋಳಿನಲ್ಲಿ ನಾನು ಕೆಲಸ ಕಲಿತೆ. ಈಗ ಕೂಸುಗಳ ಕೈಯಲ್ಲೂ ಒಂದೇ ಸಲಕ್ಕೆ ನರ ಹಿಡಿಯುತ್ತೇನೆ. ಲ್ಯಾಬಿನಲ್ಲಿ ಯಾರಾದರೂ ಹೊಗಳಿದರೆ ಆಂಟಿಯ ತೋಳಿನ ಮೇಲೆ ಎದ್ದಿದ್ದ ನೀಲಿ ಕಲೆಗಳು ನೆನಪಾಗುತ್ತವೆ.

ಅವರ ಅಂಗಡಿಯಲ್ಲಿ ಯಾರೂ ದಪ್ಪಗಾಗುತ್ತಿರಲಿಲ್ಲ. ಹಳೆಯ ಬ್ಲೌಸು ಹಿಡಿಯದೆ ಮುಖ ಸಣ್ಣಗೆ ಮಾಡಿಕೊಂಡು ಬಂದವರಿಗೆ, "ನೀವು ಹಂಗೇ ಇದೀರಿ ಮೇಡಂ, ಬಟ್ಟೆ ಕುಗ್ಗಿದೆ ಅಷ್ಟೇ" ಎನ್ನುತ್ತಿದ್ದರು. ಒಳಗೆ ಬಟ್ಟೆ ಬಿಟ್ಟೇ ಹೊಲಿಯುತ್ತಿದ್ದರಾದ್ದರಿಂದ ಎರಡು ಹೊಲಿಗೆ ಬಿಚ್ಚಿ ಕೊಟ್ಟರೆ ಮುಗಿಯಿತು. ಗಂಡ ಸಿಟಿ ಬಸ್ಸಿನ ಡ್ರೈವರ್ ಆಗಿದ್ದು ನಿವೃತ್ತರಾದವರು, ಮಾತು ಕಡಿಮೆ. ಸಂಜೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಬ್ಲೌಸುಗಳಿಗೆ ಹುಕ್ಕು ಹಾಕಿಕೊಡುತ್ತಿದ್ದರು. "ಬಸ್ಸಲ್ಲಿ ಜನಾನ ಹಿಂಗೇ ಒತ್ತೊತ್ತಾಗಿ ತುಂಬಿಸ್ತಿದ್ರಾ?" ಎಂದು ಆಂಟಿ ಅವರ ಹುಕ್ಕಿನ ಸಾಲನ್ನು ಹಂಗಿಸುತ್ತಿದ್ದರು. ಅವರು ನಗುತ್ತಲೂ ಇರಲಿಲ್ಲ, ಎದ್ದು ಹೋಗುತ್ತಲೂ ಇರಲಿಲ್ಲ.

ಎರಡು ವರ್ಷದ ಕೆಳಗೆ ಆಂಟಿಗೆ ಸುಸ್ತು ಶುರುವಾಯಿತು. ಏನೂ ತಾಗದೆ ಮೈಮೇಲೆ ಕಪ್ಪು ಕಲೆಗಳು ಬಂದವು. ನಾನೇ ಬಲವಂತ ಮಾಡಿ ರಕ್ತ ತೆಗೆದೆ, ನಾನೇ ಸ್ಲೈಡ್ ನೋಡಿದೆ. ಇರಬಾರದ ದೊಡ್ಡ ದೊಡ್ಡ ಬಿಳಿಯ ರಕ್ತಕಣಗಳು, ಇನ್ನೂ ಬಲಿಯದವು, ನೇರಳೆ ಬಣ್ಣ ಹಿಡಿದು ಎಲ್ಲೆಲ್ಲೂ ಕಿಕ್ಕಿರಿದಿದ್ದವು. ಲ್ಯಾಬಿನ ಡಾಕ್ಟರಿಗೆ ತೋರಿಸಿದೆ. ಅವರು ಕಣ್ಣಿಟ್ಟು ನೋಡಿ ತಲೆಯಾಡಿಸಿದರು. ಕೆಳಗಿಳಿದು ಹೋಗಿ, "ದೊಡ್ಡಾಸ್ಪತ್ರೆಗೆ ಹೋಗ್ಬೇಕು ಆಂಟಿ" ಎಂದಷ್ಟೇ ಹೇಳಿದೆ.

ಆಸ್ಪತ್ರೆಯವರು ಒಂದು ಉದ್ದದ ಹೆಸರು ಹೇಳಿದರಂತೆ. ರಸ್ತೆಯಲ್ಲಿ ಅದು ರಕ್ತದ ಕ್ಯಾನ್ಸರ್ ಆಯಿತು. ಎಲ್ಲರೂ ಹಾಗೇ ಅನ್ನುತ್ತಾರೆ, ನಾನೂ ಹಾಗೇ ಅಂದೆ. ಆ ಹೆಸರೇ ನಮ್ಮನ್ನು ದಾರಿ ತಪ್ಪಿಸಿತು. ಆಂಟಿ ಅದನ್ನು ಅಳತೆ ಬರೆದುಕೊಂಡಷ್ಟು ಖಚಿತವಾಗಿ ಮನಸ್ಸಿನಲ್ಲಿ ಬರೆದುಕೊಂಡರು. ಕಾಯಿಲೆ ರಕ್ತದ್ದು, ರಕ್ತ ಸರಿಹೋದರೆ ಕಾಯಿಲೆ ಹೋಯಿತು.

ತಿಂಗಳುಗಟ್ಟಲೆ ಕೀಮೋ ನಡೆಯಿತು. ಕೂದಲು ಹೋಯಿತು, ನಾಲಿಗೆಯ ರುಚಿ ಹೋಯಿತು. ಕೊನೆಗೆ ರಕ್ತದಲ್ಲೂ ಇಲ್ಲ, ಮೂಳೆಯೊಳಗಿನ ಮಜ್ಜೆಯಲ್ಲೂ ಕಾಣುತ್ತಿಲ್ಲ ಎಂದು ಆಸ್ಪತ್ರೆಯವರು ಹೇಳಿದಾಗ, ದೀಪಾವಳಿಯ ಹೊತ್ತಿಗೆ ಅಂಗಡಿಯ ಬಾಗಿಲು ಮತ್ತೆ ತೆರೆಯಿತು. ಚಿಕಿತ್ಸೆ ಇನ್ನೂ ಎರಡು ವರ್ಷ ಮುಂದುವರಿಯಬೇಕಿತ್ತು. ಹದಿನೈದು ದಿನಕ್ಕೊಮ್ಮೆ ರಕ್ತ ಪರೀಕ್ಷೆ ನಮ್ಮಲ್ಲೇ. ಸ್ಲೈಡ್ ನೋಡಿದ ಕೂಡಲೇ ನಾನು ಮೆಟ್ಟಿಲಿನಿಂದಲೇ ಕೂಗುತ್ತಿದ್ದೆ, "ಆಂಟೀ, ರಕ್ತ ಚೆನ್ನಾಗಿದೆ!" ಕೆಳಗೆ ಮಿಷನ್ನಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಗುತ್ತಿತ್ತು. ಹಾಗೆ ಕೂಗುವುದು ನನಗೆ ಎಷ್ಟು ಖುಷಿ ಕೊಡುತ್ತಿತ್ತೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆಂಟಿ ಸಹಿಸದೇ ಇದ್ದದ್ದು ಒಂದೇ ಒಂದು, ಬೆನ್ನಿನ ಸೂಜಿ. ನಡುನಡುವೆ ಆಸ್ಪತ್ರೆಯಲ್ಲಿ ಬೆನ್ನುಮೂಳೆಯ ಸಂದಿಗೆ ಸೂಜಿ ಹಾಕಿ ಔಷಧಿ ಬಿಡುತ್ತಿದ್ದರು. ಬಂದ ಮೇಲೆ ಎರಡು ದಿನ ತಲೆ ಎತ್ತಲಾಗುತ್ತಿರಲಿಲ್ಲ.

"ನೀನೇ ರಕ್ತ ಕ್ಲೀನ್ ಅಂತೀಯ. ಕಾಯಿಲೆ ರಕ್ತದ್ದು. ಮತ್ತೆ ಬೆನ್ನಿಗ್ಯಾಕೆ ಚುಚ್ತಾರೆ?" ಎಂದು ಒಂದು ದಿನ ಕೇಳಿದರು.

ನನಗೆ ಗೊತ್ತಿತ್ತು. ಈ ಕಾಯಿಲೆ ಮೆದುಳಿನ ಸುತ್ತಲಿನ ನೀರಿಗೂ ಇಳಿಯಬಹುದು ಎಂದು ಡಿಪ್ಲೊಮಾ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು ನಾನು. ಆದರೆ ಚೇತರಿಸಿಕೊಂಡು ನಗುತ್ತಿರುವವರ ಎದುರು ಮೆದುಳಿನ ಮಾತೆತ್ತುವ ಧೈರ್ಯ ಬರಲಿಲ್ಲ. "ಎಚ್ಚರಿಕೆಗೆ ಆಂಟಿ, ಡಾಕ್ಟರನ್ನೇ ಕೇಳಿ" ಎಂದು ಜಾರಿಕೊಂಡೆ.

ಮದುವೆಯ ಕಾಲ ಬಂತು. ಬಟ್ಟೆಯ ರಾಶಿ ಬಿತ್ತು. "ಇದೊಂದು ಸೀಸನ್ ಕಳೀಲಿ" ಎಂದು ಆಂಟಿ ಎರಡು ಬೆನ್ನಿನ ಸೂಜಿ ತಪ್ಪಿಸಿದರು. ನಾನು ಜಗಳ ಮಾಡಬೇಕಿತ್ತು, ಅವರ ಗಂಡನಿಗೆ ಹೇಳಬೇಕಿತ್ತು. ಆ ರಾಶಿಯಲ್ಲಿ ನನ್ನ ತಂಗಿಯ ಮದುವೆಯ ಬ್ಲೌಸುಗಳೂ ಇದ್ದವು. ಹಾಗಾಗಿ ಬಾಯಿ ಮುಚ್ಚಿಕೊಂಡಿದ್ದೆ.

ತಂಗಿಯ ಧಾರೆಯ ಬ್ಲೌಸು ನೋಡಲು ಅವಳನ್ನು ಕರೆದುಕೊಂಡು ಹೋಗಿದ್ದೆ. ಕೆನೆ ಬಣ್ಣದ ರೇಷ್ಮೆ. ಆಂಟಿ ಒಂದೊಂದೇ ಪಿನ್ನು ಎಳೆದು ತೋಳಿಗೆ ಸಿಕ್ಕಿಸುತ್ತಿದ್ದರು. ಕೆಳತುಟಿಯಿಂದ ಗದ್ದಕ್ಕೆ ಒಂದು ಸಣ್ಣ ಕೆಂಪು ಗೆರೆ ಇಳಿಯಿತು, ಗದ್ದದಿಂದ ರೇಷ್ಮೆಯ ಮೇಲೆ ತೊಟ್ಟಿಕ್ಕಿತು. ಪಿನ್ನು ಚುಚ್ಚಿದ್ದು ಆಂಟಿಗೆ ಗೊತ್ತೇ ಆಗಲಿಲ್ಲ.

"ಆಂಟಿ, ರಕ್ತ!"

ಅವರು ಮೊದಲು ಬಟ್ಟೆ ನೋಡಿದರು. ಪಿನ್ನುಗಳನ್ನು ಉಗುಳಿ, ಬೆರಳಿಗೆ ಎಂಜಲು ಹಚ್ಚಿಕೊಂಡು ಕಲೆಯನ್ನು ಉಜ್ಜಿದರು. ಹೊಲಿಯುವವರು ಹಾಗೆಯೇ ಮಾಡುತ್ತಾರೆ, ಕಲೆ ಹೋಯಿತು. ಆಮೇಲೆ ತುಟಿ ಮುಟ್ಟಿಕೊಂಡು, "ಎಂಟು ದಿನ ಆಯ್ತು, ಈ ಕಡೆ ಗದ್ದ ಜೋಮು ಹಿಡಿದಂಗಿದೆ. ಹಲ್ಲಿಂದೇನೋ" ಎಂದರು.

ಕೂಡಲೇ ರಕ್ತ ತೆಗೆದೆ. ಅರ್ಧ ಗಂಟೆ ಸ್ಲೈಡ್ ನೋಡಿದೆ. ಎಲ್ಲ ಸರಿಯಾಗಿತ್ತು. ನನ್ನ ಎದೆ ಹಗುರಾಯಿತು. ಎಂದಿನಂತೆ ಮೆಟ್ಟಿಲಿನಿಂದ ಕೂಗಿದೆ. "ಹಲ್ಲಿನ ಡಾಕ್ಟರಿಗೆ ತೋರಿಸಿ ಆಂಟಿ" ಎಂದು ನಾನೇ ಕಳಿಸಿದೆ. ಆ ಡಾಕ್ಟರು ಎಕ್ಸ್‌ರೇ ತೆಗೆದು ಹಲ್ಲಿನಲ್ಲಿ ಏನೂ ಇಲ್ಲ ಎಂದರು, ಮಾತ್ರೆ ಕೊಟ್ಟರು. ಹೀಗೆ ಎರಡು ವಾರ ಹೋಯಿತು.

ಒಂದು ಬೆಳಿಗ್ಗೆ ಆಂಟಿ ಸೂಜಿಗೆ ದಾರ ಪೋಣಿಸಲಾರದೆ ಕೂತಿದ್ದರು. "ಎರಡೆರಡು ಸೂಜಿ ಕಾಣ್ತಿದೆ ಕಣೆ, ಯಾವುದಕ್ಕೆ ಹಾಕ್ಲಿ?" ಎಂದು ನಗಲು ನೋಡಿದರು. ನಗು ಒಂದೇ ಕಡೆಗೆ ಹೋಯಿತು. ಇನ್ನೊಂದು ಕಡೆಯ ಕೆನ್ನೆ ಅಲುಗಲಿಲ್ಲ. ಅವರ ಯಜಮಾನರು ಆಟೋ ತಂದರು, ನಾನೂ ಹತ್ತಿಕೊಂಡೆ.

ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದರು. ಸಣ್ಣ ನಳಿಗೆಯಲ್ಲಿ ನಲ್ಲಿ ನೀರಿನಷ್ಟೇ ತಿಳಿಯಾಗಿತ್ತು. ಅದರಲ್ಲಿ ಸಿಕ್ಕವು, ನಾನು ಅಷ್ಟು ತಿಂಗಳು ರಕ್ತದಲ್ಲಿ ಹುಡುಕಿ ಇಲ್ಲ ಎಂದಿದ್ದ ಅದೇ ಕಣಗಳು. ವಾರ್ಡಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಂಚದ ತುದಿಯಲ್ಲಿ ಕೂತು ಸಮಾಧಾನವಾಗಿ ಹೇಳಿದರು.

"ರಕ್ತದಲ್ಲಿ ಹುಟ್ಟಿದ್ದು ರಕ್ತದಲ್ಲೇ ಇರ್ಬೇಕು ಅಂತೇನಿಲ್ಲ ಅಮ್ಮ. ಒಬ್ಬೊಬ್ರಿಗೆ ಒಸಡಿಗೆ ಬರುತ್ತೆ, ಚರ್ಮಕ್ಕೆ ಬರುತ್ತೆ, ಗಂಟಾಗಿ ನಿಲ್ಲುತ್ತೆ. ನಿಮಗೆ ಮೆದುಳಿನ ಸುತ್ತ ಇರೋ ನೀರಿಗೆ, ನರಗಳಿಗೆ ಬಂದಿದೆ. ಕೈಗೆ ಹಾಕೋ ಔಷಧಿ ಅಲ್ಲಿಗೆ ಸರಿಯಾಗಿ ಹೋಗಲ್ಲ. ಅದಕ್ಕೇ ಬೆನ್ನಿಗೆ ಹಾಕ್ತಿದ್ವಿ."

ಆಂಟಿ, "ಮೇಲ್ಗಡೆ ಬಟ್ಟೆ ಒಗೆದ್ವಿ, ಲೈನಿಂಗ್ ಒಳಗೆ ಕೂತಿತ್ತು ಅನ್ನಿ" ಎಂದರು. ಡಾಕ್ಟರು ಹೌದೆಂದರು.

ಹೊರಗೆ ಕಾರಿಡಾರಿನಲ್ಲಿ ಡಾಕ್ಟರನ್ನು ನಿಲ್ಲಿಸಿ ಕೇಳಿದೆ. "ಆ ಎರಡು ಸೂಜಿ ತಪ್ಪಿಸದೇ ಇದ್ದಿದ್ರೆ?"

"ಹೇಳಕ್ಕಾಗಲ್ಲ. ಒಂದೂ ಬಿಡದೆ ತಗೊಂಡೋರಿಗೂ ಬರುತ್ತೆ" ಎಂದರು. ಹೊರಡುತ್ತ, "ಗದ್ದ ಜೋಮು ಅಂದ ದಿನಾನೇ ಬಂದಿದ್ರೆ ಚೆನ್ನಾಗಿರ್ತಿತ್ತು" ಎಂದರು. ಮೊದಲನೆಯ ಮಾತನ್ನು ಹಿಡಿದುಕೊಂಡು ಮಲಗುತ್ತೇನೆ, ಎರಡನೆಯದು ಎಬ್ಬಿಸುತ್ತದೆ.

ವಾರಕ್ಕೆರಡು ಸಲ ಬೆನ್ನಿನ ಸೂಜಿ, ತಲೆಗೆ ರೇಡಿಯೇಷನ್. ಆಂಟಿ ಒಂದಕ್ಕೂ ಬೇಡವೆನ್ನಲಿಲ್ಲ. ಒಂದು ತಿಂಗಳು ವಾಸಿಯಾದಂತೆ ಕಂಡಿತು, ಕೆನ್ನೆ ಅಲುಗಿತು. ಆಮೇಲೆ ಕಾಲು ಸೋತವು. ಆಮೇಲೆ ಮಾತು ತೊದಲಿತು. ಇಷ್ಟಾದರೂ ರಕ್ತದಲ್ಲಿ ಕೆಟ್ಟ ಕಣ ಇರಲಿಲ್ಲ. ಸಾರಕ್ಕಿ ಕೆರೆಯ ಹತ್ತಿರದ ಅವರ ಮನೆಗೆ ಹೋಗುವಾಗ ಯಾರಾದರೂ ಸಿಕ್ಕಿ, "ರಕ್ತ ಚೆನ್ನಾಗಿದೆ ಅಂತಿದ್ರಲ್ಲ ಮೇಡಂ, ಮತ್ಯಾಕೆ ಹಾಸಿಗೆ ಹಿಡಿದ್ರು?" ಎನ್ನುತ್ತಿದ್ದರು. ನಾನು ಬಿಡಿಸಿ ಹೇಳುತ್ತಿದ್ದೆ. ಅಷ್ಟು ಚೆನ್ನಾಗಿ ಬಿಡಿಸಿ ಹೇಳಲು ಬರುವುದನ್ನು, ಹೇಳಬೇಕಾದವರಿಗೆ ಹೇಳಬೇಕಾದ ದಿನ ಹೇಳಿರಲಿಲ್ಲ.

ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಆಸ್ಪತ್ರೆಯವರು ಕಳಿಸಿದ ಮೇಲೆ ರಕ್ತ ಪರೀಕ್ಷೆಯ ಅಗತ್ಯವೇ ಇರಲಿಲ್ಲ. ಆಂಟಿಯೇ ಬಿಡಲಿಲ್ಲ. ಸೋಮವಾರ ಬಂತೆಂದರೆ ಕಾಯುತ್ತಿದ್ದರು. ತೋಳು ಕಡ್ಡಿಯಾಗಿತ್ತು. ನಾನು ಅನುಮಾನಪಡದೆ ಚುಚ್ಚುತ್ತಿದ್ದೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೋಗಿ ಹೇಳಿ ಬರುತ್ತಿದ್ದೆ.

ಆ ಕೊನೆಯ ಸೋಮವಾರ ಮಂಚದ ಪಕ್ಕ ಕೂತಾಗ ಅವರ ಕಣ್ಣು ನನ್ನನ್ನು ಹುಡುಕಿದವು. "ಹೆಂಗಿದೆ?" ಎಂಬುದು ಅರ್ಧ ಮಾತ್ರ ಕೇಳಿಸಿತು.

"ಚೆನ್ನಾಗಿದೆ ಆಂಟಿ" ಎಂದೆ. ಅದು ಸುಳ್ಳಾಗಿರಲಿಲ್ಲ.

ಅವರು ಕಷ್ಟಪಟ್ಟು ಗಂಡನ ಕಡೆ ತಿರುಗಿದರು. "ಕೇಳುಸ್ತಾ? ಚೆನ್ನಾಗಿದ್ಯಂತೆ. ನೀವು ಊಟ ಮಾಡಿ" ಎಂದರು. ಯಜಮಾನರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಎದ್ದು ಹೋಗಿ ತಟ್ಟೆ ಹಾಕಿಕೊಂಡು ಬಂದು, ಆಂಟಿಯ ಎದುರೇ ಕೂತು, ಒಂದಗಳೂ ಬಿಡದೆ ಉಂಡರು.

ಗುರುವಾರ ಬೆಳಿಗ್ಗೆ ಆಂಟಿ ತೀರಿಕೊಂಡರು. ಮಣ್ಣು ಮುಗಿಸಿ, ಮನೆಗೆ ಹೋಗಿ ಸ್ನಾನ ಮಾಡಿಕೊಂಡು ಸೀದಾ ಲ್ಯಾಬಿಗೆ ಹೋದೆ. ಸೋಮವಾರದ ಸ್ಲೈಡ್ ಪೆಟ್ಟಿಗೆಯಲ್ಲಿ ಹಾಗೇ ಇತ್ತು. ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನೋಡಿದೆ. ನಾನೇ ತಪ್ಪು ನೋಡಿರಲಿ, ಒಂದೇ ಒಂದು ಕೆಟ್ಟ ಕಣವಾದರೂ ಸಿಗಲಿ ಎಂದು ಬೇಡಿಕೊಳ್ಳುತ್ತ ಮತ್ತೆ ಮೊದಲಿನಿಂದ ನೋಡಿದೆ. ಒಂದೂ ಸಿಗಲಿಲ್ಲ.